ಮಂತ್ರಿಯ ಅಕ್ಕ ಕೊಟ್ಟ ಸಾಕ್ಷಿ

ತಮ್ಮ ಮಂತ್ರಿಯಾದ ದಿನ ಅಕ್ಕ ರಜೆ ಹಾಕಲಿಲ್ಲ. ಅವನು ಕಾರ್ಮಿಕ ಖಾತೆ ವಹಿಸಿಕೊಂಡು ಪ್ರಮಾಣವಚನ ಓದುತ್ತಿದ್ದ ಹೊತ್ತಿಗೆ ಅವಳು ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಅಂಗಿಗಳಿಗೆ ಕಾಲರ್ ಕೂಡಿಸುತ್ತಿದ್ದಳು. ಲೈನಿನ ಹೆಂಗಸರು ಸುಮ್ಮನಿರಬೇಕಲ್ಲ.

"ನಾಳೆಯಿಂದ ಇವಳಿಗೆ ನಾವೇ ಸೂಜಿಗೆ ದಾರ ಪೋಣಿಸಿ, ಕೈ ಮುಗಿದು ಕೊಡಬೇಕೇನ್ರೇ?" ಎಂದಳು ಪಕ್ಕದಲ್ಲಿ ಗುಂಡಿಗಳಿಗೆ ಕಾಜಾ ಮಾಡುತ್ತಿದ್ದ ಗೆಳತಿ.

"ಮೊದಲು ನಿನ್ನ ಕಾಜಾ ನೆಟ್ಟಗೆ ಹಾಕು. ಕೈ ಆಮೇಲೆ ಮುಗಿಯುವೆಯಂತೆ," ಎಂದಳು ಅಕ್ಕ, ತಲೆ ಎತ್ತದೆ.

ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಗೆಲ್ಲ ಗೊತ್ತಿತ್ತು. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಅಪ್ಪ ಗೋದಾಮಿನಲ್ಲಿ ಮೂಟೆ ಹೊತ್ತು ಬಂದು ಗೋಡೆಗೊರಗಿದರೆ ಮುಗಿಯಿತು. ಹುಡುಗಿ ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬೆಳೆದಳು. ಅವನು ಕಾನೂನು ಕಾಲೇಜಿಗೆ ಹಾಕಿಕೊಂಡು ಹೋದ ಅಂಗಿಗಳೆಲ್ಲ ಅವಳ ಕೈಯವೇ. ಹುಡುಗ ಜಾಣ, ಮಾತಿನ ಮಲ್ಲ. ಅವಳಿಗೆ ಅವನೆಂದರೆ ಪ್ರಾಣ.

ಕಾರ್ಖಾನೆಯಲ್ಲಿ ಒಮ್ಮೆ ಹೆಂಗಸರು ಮುಷ್ಕರ ಹೂಡಿದ್ದರು. ಅವರು ಪದೇ ಪದೇ ಎದ್ದು ಹೋಗುತ್ತಾರೆಂದು ಶೌಚಾಲಯಕ್ಕೇ ಬೀಗ ಜಡಿದು, ಬೀಗದ ಕೈಯನ್ನು ಸೂಪರ್‌ವೈಸರ್ ಜೇಬಿಗೆ ಹಾಕಿಕೊಂಡಿದ್ದ. ಗೇಟಿನ ಎದುರು ಮಾತಾಡಲು ಧೈರ್ಯವಿದ್ದವರು ಯಾರೂ ಸಿಗದಿದ್ದಾಗ ಅಕ್ಕ ತಮ್ಮನನ್ನು ಕರೆತಂದಳು. ಬಣ್ಣದ ಡ್ರಮ್ಮೊಂದನ್ನು ಬೋರಲು ಹಾಕಿ ಅದರ ಮೇಲೆ ಅವನನ್ನು ಹತ್ತಿಸಿ, "ಪುಸ್ತಕದ ಮಾತು ಬೇಡ. ಬೀಗ ತೆಗೀರಿ ಅನ್ನು, ಸಾಕು," ಎಂದಳು. ಅವನು ಅಂದ. ಬೀದಿಗೆ ಬೀದಿಯೇ ಅವನ ಹಿಂದೆ ಕೂಗಿತು. ಸಂಜೆಯೊಳಗೆ ಬೀಗ ಹೋಯಿತು. ಅವನು ನಾಯಕನಾಗಿದ್ದ.

ಮುಂದೆ ಅವನು ಅದೇ ಹೆಂಗಸರ ಮತಗಳಿಂದ ಸಂಸತ್ತಿಗೆ ಹೋದ. ಎರಡನೇ ಸಲ ಗೆದ್ದಾಗ ಮಂತ್ರಿಯೂ ಆದ. ಅಷ್ಟರೊಳಗೆ ಕಾರ್ಖಾನೆಯ ಮಾಲೀಕ ಅವನ ಕಾರಿನಲ್ಲಿ ಪಕ್ಕಕ್ಕೆ ಕೂರುವಷ್ಟು ಹತ್ತಿರವಾಗಿದ್ದ. ಅಕ್ಕ ಅದನ್ನು ಕಂಡೂ ಕಾಣದ ಹಾಗಿದ್ದಳು. ಗಾಳಿ ಬಂದಾಗ ತೂರಿಕೊಳ್ಳುವವರು ಬಹಳ ಮಂದಿ, ನಮ್ಮ ಹುಡುಗ ಹಾಗಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಾಗೆ ನಂಬಿಯೇ ಒಂದು ಭಾನುವಾರ ಅವನ ಬಂಗಲೆಗೆ ಹೋದಳು. ಹೊರಗಿನ ಕೋಣೆಯಲ್ಲಿ ಅರ್ಜಿ ಹಿಡಿದವರ ಜೊತೆ ಕಾದು, ಕೊನೆಗೆ ಒಳಗೆ ಕರೆಸಿಕೊಂಡಾಗ ಹೇಳಿದಳು: "ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಹಗಲೆಲ್ಲ ಬೀಗ ಹಾಕ್ತಿದ್ದಾರೆ ಕಣೋ. ಬಟ್ಟೆ ಕದೀತೀವಂತೆ. ಏನಾದ್ರೂ ಆದ್ರೆ ನಾವು ಇಳಿಯೋದೆಲ್ಲಿಂದ?"

"ನೋಡ್ತೀನಿ ಬಿಡಕ್ಕ," ಎಂದ ತಮ್ಮ, ಫೋನಿನಿಂದ ಕಣ್ಣು ತೆಗೆಯದೆ.

ಅವನು ನೋಡಲಿಲ್ಲ.

ಬೆಂಕಿ ಹತ್ತಿದ್ದು ಕೆಳಗಿನ ಕಟಿಂಗ್ ವಿಭಾಗದಲ್ಲಿ, ಬೆಳಗಿನ ಚಹಾ ಮುಗಿಸಿ ಎಲ್ಲರೂ ಮೆಷಿನ್ನಿಗೆ ಕೂತ ಮೇಲೆ. ಮುಂದಿನ ಮೆಟ್ಟಿಲಿನಿಂದ ಹೊಗೆ ಕಂಬದಂತೆ ಎದ್ದು ಬಂತು. ಹೆಂಗಸರು ಹಿಂದಿನ ಬಾಗಿಲಿಗೆ ಓಡಿದರು. ಬೀಗ ಆಚೆ ಕಡೆ ಇತ್ತು. ಅಕ್ಕ ಹಿಡಿಕೆ ಹಿಡಿದು ಜಗ್ಗಿದಳು. ಕಬ್ಬಿಣ ಕಾದಿತ್ತು. ಅಂಗೈ ಚರ್ಮ ಅದಕ್ಕೇ ಅಂಟಿಕೊಂಡಿತು. ಕೂರುವ ಸ್ಟೂಲು ಎತ್ತಿ ಕಿಟಕಿಯ ಗಾಜು ಒಡೆದು ಕೆಲವರನ್ನು ಪಕ್ಕದ ಕಟ್ಟಡದ ಛಾವಣಿಗೆ ದಾಟಿಸಿದಳು. ಕಾಜಾದ ಗೆಳತಿಯನ್ನು ಹುಡುಕಿ ತಿರುಗಿದಾಗ ಹೊಗೆಯಲ್ಲಿ ದಾರಿ ಸಿಗಲಿಲ್ಲ. ಛಾವಣಿಗೆ ದಾಟಿದವರೇ ಅವಳನ್ನು ಕಿಟಕಿಯಿಂದ ಆಚೆಗೆ ಎಳೆದುಕೊಂಡರು. ಆ ಗೆಳತಿ ಮತ್ತು ಇನ್ನೂ ಆರು ಮಂದಿ ಆ ಬಾಗಿಲಿನ ಬುಡದಲ್ಲೇ ಹೆಣವಾಗಿ ಸಿಕ್ಕರು, ಒಬ್ಬರ ಮೇಲೊಬ್ಬರು.

ಮರುದಿನ ಮಂತ್ರಿ ಆಸ್ಪತ್ರೆಗೆ ಬಂದ. ವಾರ್ಡಿನ ಬಾಗಿಲಲ್ಲೇ ನಿಂತು ಕ್ಯಾಮೆರಾಗಳಿಗೆ ಹೇಳಿದ: "ಪ್ರಾಥಮಿಕ ಮಾಹಿತಿ ಪ್ರಕಾರ ಬಾಗಿಲುಗಳೆಲ್ಲ ತೆರೆದೇ ಇದ್ದವು. ಗಾಬರಿಯಲ್ಲಿ ನೂಕುನುಗ್ಗಲಾಗಿದೆ." ಹಾಸಿಗೆಯ ಮೇಲಿದ್ದ ಅಕ್ಕನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅಂಗೈ ಉರಿ ಆ ಮಾತಿನ ಮುಂದೆ ಏನೂ ಅಲ್ಲ ಅನಿಸಿತು.

ಎಲ್ಲರನ್ನೂ ಆಚೆ ಕಳಿಸಿ ಅವನು ಮಂಚದ ಅಂಚಿಗೆ ಕೂತ.

"ಆ ಹೊಗೆಯಲ್ಲಿ ನಿನಗೆ ಸರಿಯಾಗಿ ಕಂಡಿರಲಿಕ್ಕಿಲ್ಲ ಅಕ್ಕ."

ಅವಳು ಬ್ಯಾಂಡೇಜು ಸುತ್ತಿದ ಎರಡೂ ಕೈ ಅವನ ಮುಖದ ಮುಂದೆ ಹಿಡಿದಳು. "ಕಣ್ಣಿಗೆ ಕಾಣ್ಲಿಲ್ಲ. ಕೈಗೆ ಗೊತ್ತಾಯ್ತು."

"ಕಾರ್ಖಾನೆ ಮುಚ್ಚಿದ್ರೆ ಎಷ್ಟು ಮನೆ ಒಲೆ ಆರುತ್ತೆ, ಯೋಚನೆ ಮಾಡಿದ್ದೀಯಾ?"

"ಸತ್ತೋರ ಮನೆ ಒಲೆ ಯಾರು ಹಚ್ತಾರೆ, ನೀನಾ?"

ಅವನು ದನಿ ತಗ್ಗಿಸಿ, "ಬೀಗ ಇತ್ತು ಅಂತ ಬೇಕಾದ್ರೆ ಹೇಳು, ಮಾಲೀಕ ಅನುಭವಿಸಲಿ. ನನಗೆ ಮೊದಲೇ ಹೇಳಿದ್ದೆ ಅನ್ನೋದೊಂದು ಬೇಡ," ಎಂದ.

ಅಲ್ಲಿಯ ತನಕ ಅವಳಿಗಿದ್ದದ್ದು ಬರೀ ಸಿಟ್ಟು. ಈ ಮಾತು ಕೇಳಿದ ಮೇಲೆ ಅವನ ಮುಖ ನೋಡುವುದೇ ಕಷ್ಟವಾಯಿತು. ಅವನಿಗೆ ಎಲ್ಲ ನೆನಪಿತ್ತು. ಆ ಭಾನುವಾರ, ಆ ಕೋಣೆ, ಅವಳ ಮಾತು, ಎಲ್ಲವೂ. ಮರೆತಿದ್ದರೆ ಬೈದು ಸುಮ್ಮನಾಗುತ್ತಿದ್ದಳೇನೋ.

"ಎದ್ದು ಹೋಗು," ಎಂದಳು.

ವಿಚಾರಣೆಗೆ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ನೇಮಿಸಿದರು. ಅದು ಶುರುವಾಗುವ ಮೊದಲು ತಮ್ಮನ ಹೆಂಡತಿ ಅಕ್ಕನ ಮನೆಗೆ ಬಂದಳು. ಕೂರಲು ಹಾಕಿದ ಚಾಪೆಯನ್ನು ನೋಡಿಯೂ ನಿಂತೇ ಮಾತಾಡಿದಳು. "ಮನೆ ಮರ್ಯಾದೆ ಬೀದಿಗೆ ತರ್ತೀರಾ ಅತ್ತಿಗೆ?"

"ಅದು ಬೀದೀಲೇ ಬೆಳೆದ ಮರ್ಯಾದೆ ಕಣಮ್ಮ. ಅದಕ್ಕೆ ಇಲ್ಲಿ ನಾಚಿಕೆ ಏನಿಲ್ಲ."

ಸಾಕ್ಷಿ ಹೇಳುವ ದಿನ ಸಭಾಂಗಣದ ಫ್ಯಾನುಗಳು ಕಿರ್ರೆನ್ನುತ್ತಿದ್ದವು. ಮುಂದಿನ ಸಾಲಿನಲ್ಲಿ ಕಾಜಾದ ಗೆಳತಿಯ ತಾಯಿ ಕೂತಿದ್ದಳು. ಅಕ್ಕ ಬೀಗದ ವಿಷಯ ಹೇಳಿದಳು, ಕಾದ ಹಿಡಿಕೆಯ ವಿಷಯ ಹೇಳಿದಳು. ಮಾಲೀಕನ ವಕೀಲ ಎದ್ದು, "ನಿಮಗೆ ನಿಮ್ಮ ತಮ್ಮನ ಮೇಲೆ ಸಿಟ್ಟಿದೆಯಂತಲ್ಲ?" ಎಂದು ಕೆಣಕಿದ.

"ಇದೆ ಸ್ವಾಮಿ. ನನಗೆ ಸಿಟ್ಟಿದ್ರೆ ಬೀಗ ಸುಳ್ಳಾಗುತ್ತಾ?"

ಯಾರೋ ನಕ್ಕರು. ನ್ಯಾಯಾಧೀಶರು ಸಿಟ್ಟಿಗೆ ಕಾರಣ ಕೇಳಿದರು. ತಾನು ಸೊಂಟದ ಮೇಲೆ ಹೊತ್ತ ಹುಡುಗ ಅವಳ ಕಣ್ಣ ಮುಂದೆ ಬಂದ. ತಾಯಿಯ ಮಡಿಲಿಲ್ಲದೆ ಬೆಳೆದವನು. ಆದರೆ ಎದುರಿಗೆ ಇನ್ನೊಬ್ಬಳು ತಾಯಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಕೂತಿದ್ದಳು.

"ಬೆಂಕಿಗೆ ಮೊದಲೇ ಅವನ ಮನೆಗೆ ಹೋಗಿ ಹೇಳಿದ್ದೆ, ಬಾಗಿಲಿಗೆ ಬೀಗ ಹಾಕ್ತಾರೆ ಅಂತ. ನೋಡ್ತೀನಿ ಅಂದ. ನೋಡಿದ್ದಿದ್ರೆ ಏಳು ಜನ ಇವತ್ತು ಊಟದ ಡಬ್ಬಿ ಹಿಡ್ಕೊಂಡು ಕೆಲಸಕ್ಕೆ ಹೋಗಿರ್ತಿದ್ರು."

ನ್ಯಾಯಾಧೀಶರು ಅದನ್ನೂ ಬರೆಸಿಕೊಂಡರು.

ತಮ್ಮ ಅದೇ ವಾರ ರಾಜೀನಾಮೆ ಕೊಟ್ಟ. ಮಾಲೀಕ ಜೈಲಿಗೆ ಹೋಗಿ, ಮಳೆಗಾಲ ಮುಗಿಯುವ ಮೊದಲೇ ಜಾಮೀನಿನ ಮೇಲೆ ಬಂದ. ವರ್ಷ ತಿರುಗುವಷ್ಟರಲ್ಲಿ ತಮ್ಮನಿಗೂ ಬೇರೊಂದು ಖಾತೆ ಸಿಕ್ಕಿತು, ಪ್ರವಾಸೋದ್ಯಮ. ಟಿವಿಯಲ್ಲಿ ಅವನು ಹೊಸ ದೋಣಿಯೊಂದಕ್ಕೆ ರಿಬ್ಬನ್ ಕತ್ತರಿಸುವುದನ್ನು ಕಂಡು ಅಕ್ಕ ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ಅವಳ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಕಾಲರ್ ಹಿಡಿದು ಹೊಲಿಯುವ ಕೈ ಅದಾಗಿ ಉಳಿದಿರಲಿಲ್ಲ. ಕಾರ್ಮಿಕ ಸಂಘದವರು ಅವಳಿಗೆ ಊರಿನ ಕಾರ್ಖಾನೆಗಳನ್ನು ಸುತ್ತಿ, ಬಾಗಿಲುಗಳಿಗೆ ಬೀಗ ಹಾಕಿದ್ದಾರೆಯೇ ಎಂದು ನೋಡಿ ಬರುವ ಕೆಲಸ ಕೊಟ್ಟರು.

ಚುನಾವಣೆ ಹತ್ತಿರ ಬಂದಾಗ ತಮ್ಮ ಒಂದು ಮಧ್ಯಾಹ್ನ ಒಬ್ಬನೇ ಬಂದ. ತಲೆ ನರೆತಿತ್ತು. ಅವಳು ನೀರು ಕೊಟ್ಟಳು.

"ಇನ್ನೂ ಕೋಪಾನಾ ಅಕ್ಕ?"

"ಎರಡು ಬೀದಿ ಆಚೆ ನನ್ನ ಪಕ್ಕ ಕಾಜಾ ಹಾಕ್ತಿದ್ದವಳ ತಾಯಿ ಇದ್ದಾಳೆ. ಮೊದಲು ಅಲ್ಲಿಗೆ ಹೋಗಿ ಬಾ. ಆಮೇಲೆ ನನ್ನ ಕೋಪದ ಮಾತು."

ಅವನು ಲೋಟ ಕೆಳಗಿಟ್ಟು, ಹೊರಗೆ ನಿಂತು ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, ಕಾರು ಹತ್ತಿದ. ಕಾರು ಆ ಬೀದಿಯ ಕಡೆ ತಿರುಗಲಿಲ್ಲ. ಆ ಸಲವೂ ಅವನೇ ಗೆದ್ದ. ಅಕ್ಕ ಅವನಿಗೆ ಮತ ಹಾಕಲಿಲ್ಲ, ಹಾಕಲಿಲ್ಲವೆಂದು ಬೂತಿನ ಹೊರಗೆ ನಿಂತವರಿಗೆಲ್ಲ ಕೇಳುವಂತೆ ಹೇಳಿಯೇ ಮನೆಗೆ ನಡೆದಳು.