ಆರನೇ ಮಹಡಿಯ ಹೀಟ್ ಪಂಪ್

2016ರ ಚಳಿಗಾಲ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ಕಡಿಮೆ ಬಾಡಿಗೆಗೆ ಮನೆ ಕೊಡುವ ಒಂದು ಹೌಸಿಂಗ್ ಸಂಸ್ಥೆಯಲ್ಲಿ ನಾನು ಹೀಟಿಂಗ್ ಎಂಜಿನಿಯರ್ ಆಗಿದ್ದೆ. ಹತ್ತಂತಸ್ತಿನ ಹಳೆಯ ಕಟ್ಟಡವೊಂದಕ್ಕೆ ಆ ವರ್ಷ ಗ್ರೌಂಡ್ ಸೋರ್ಸ್ ಹೀಟ್ ಪಂಪ್ ಅಳವಡಿಸಿದ್ದೆವು. ನೆಲದಾಳದ ಶಾಖವನ್ನು ಕೊಳವೆಗಳು ಮೇಲೆ ತರುತ್ತವೆ. ಪ್ರತಿ ಫ್ಲ್ಯಾಟಿನಲ್ಲಿರುವ ಪುಟ್ಟ ಪಂಪು ಅದನ್ನು ಹೆಚ್ಚಿಸಿ, ಕೋಣೆ ಕಾಯಿಸುವ ರೇಡಿಯೇಟರಿಗೆ ಕೊಡುತ್ತದೆ. ಗ್ಯಾಸ್ ಬಾಯ್ಲರಿನಂತೆ ಅರ್ಧ ಗಂಟೆಯಲ್ಲಿ ಮನೆ ಕಾಯಿಸುವುದು ಅದಕ್ಕೆ ಬರುವುದಿಲ್ಲ. ಹಗಲೂ ರಾತ್ರಿ ಸಣ್ಣಗೆ ಓಡುತ್ತಿರಬೇಕು. ಒಮ್ಮೆ ತಣ್ಣಗಾದ ಕಾಂಕ್ರೀಟು ಮತ್ತೆ ಬೆಚ್ಚಗಾಗಲು ಎರಡು ಮೂರು ದಿನ ಬೇಕು.

ಮನೆ ಬೆಚ್ಚಗಾಗುತ್ತಿಲ್ಲ ಎಂದು ದೂರಿನ ಮೇಲೆ ದೂರು ಬಂತು. ಬಾಡಿಗೆದಾರರಿಗೆ ಬಳಸಲು ಬರುವುದಿಲ್ಲ ಎಂದು ಆಫೀಸಿನಲ್ಲಿ ಕೂತವರು ಕೈತೊಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಒಂದು ಕರಪತ್ರ ಹಂಚಿದ ಮಾತ್ರಕ್ಕೆ ಜನರ ಜೀವಮಾನದ ರೂಢಿ ಹೋಗಿಬಿಡುತ್ತದೆಯೇ?

ಆರನೇ ಮಹಡಿಯ ಶಾಂತಕ್ಕ ಗದಗಿನ ಕಡೆಯವರು. ನಾನು ಧಾರವಾಡದವನೆಂದು ಗೊತ್ತಾದ ದಿನದಿಂದ ಅವರಿಗೆ ತಮ್ಮನಾಗಿದ್ದೆ. ಅವರ ಯಜಮಾನರಾದ ಶಿವಪ್ಪನವರು ಶ್ವಾಸಕೋಶದ ಕಾಯಿಲೆಯಿಂದ ಹತ್ತಿರದ ವಿದನ್‌ಶಾದ ಆಸ್ಪತ್ರೆಯಲ್ಲಿದ್ದರು. ಮನೆ ಬೆಚ್ಚಗಿದ್ದರೆ ಮಾತ್ರ ಶನಿವಾರ ಕಳಿಸುತ್ತೇವೆ ಎಂದಿದ್ದರು ವಾರ್ಡಿನವರು. ಶಿವಪ್ಪನವರಿಗೆ ಮನೆಗೆ ಬರುವುದೊಂದೇ ಧ್ಯಾನ.

ಬುಧವಾರ ಹೋಗಿ ನೋಡಿದರೆ ಮನೆಯೊಳಗೆ ಹದಿನಾಲ್ಕು ಡಿಗ್ರಿ. ಯಂತ್ರವೇನೋ ಸರಿಯಾಗಿಯೇ ಇತ್ತು. ಆಸ್ಪತ್ರೆಗೆ ಹೊರಟಾಗಲೆಲ್ಲ ಶಾಂತಕ್ಕ ಅದನ್ನು ಆರಿಸಿ ಹೋಗುತ್ತಿದ್ದರು.

"ಯಾರೂ ಇಲ್ಲದ ಮನಿಗೆ ಬಿಸಿ ಯಾಕ ಬೇಕೋ ತಮ್ಮಾ?" ಎಂದರು.

"ಅಕ್ಕಾ, ಹೆಪ್ಪು ಹಾಕಿದ ಪಾತ್ರಿ ಮ್ಯಾಲಿಂದ ಮ್ಯಾಲೆ ಅಲುಗಾಡಿಸಿದ್ರ ಮೊಸರು ಆಗ್ತದೇನ್ರಿ? ಇದೂ ಹಂಗ. ಅವರು ಬರೂತನಕ ಆರಿಸಬ್ಯಾಡ್ರಿ."

ಅವರು ತಲೆಯಾಡಿಸಿದರು. ನನಗೆ ನಂಬಿಕೆ ಸಾಲದೆ, ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿ ಬಂದೆ.

ಶುಕ್ರವಾರ ಶಿವಪ್ಪನವರು ವಾರ್ಡಿನಲ್ಲೇ ತೀರಿಕೊಂಡರು.

ಮರುವಾರ ಮಾತಾಡಿಸಲು ಹೋದೆ. ಶಾಂತಕ್ಕ ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ಒಳಗೆ ಇಪ್ಪತ್ತೊಂದು ಡಿಗ್ರಿ. ಶಿವಪ್ಪನವರ ಕುರ್ಚಿಯನ್ನು ರೇಡಿಯೇಟರಿನ ಪಕ್ಕಕ್ಕೆ ಎಳೆದು, ಮೇಲೆ ಅವರ ಸ್ವೆಟರನ್ನು ಮಡಿಸಿ ಇಟ್ಟಿದ್ದರು.

"ಅವರು ಬರೂತನಕ ಆರಿಸಬ್ಯಾಡ ಅಂದಿದ್ದಿ," ಎಂದರು ಶಾಂತಕ್ಕ. "ಇನ್ನ ಯಾವಾಗ ಆರಿಸಲಿ, ನೀನ ಹೇಳು."

"ಆರಿಸಬ್ಯಾಡ್ರಿ ಅಕ್ಕಾ. ಮನ್ಯಾಗ ನೀವು ಇದ್ದೀರಲ್ಲ," ಎಂದೆ.

ಅದು ಹೊಸ ಸುದ್ದಿ ಎಂಬಂತೆ ಅವರು ನನ್ನನ್ನೇ ನೋಡಿದರು. ಆಮೇಲೆ ಅಳತೊಡಗಿದರು.

ಮನೆ ಯಾರಿಗಾಗಿ ಬೆಚ್ಚಗಿರಬೇಕು ಎಂದು ಕೇಳಿದರೆ ಎಷ್ಟೋ ಮಂದಿ ತಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಹೇಳುತ್ತಾರೆ. ನಿವೃತ್ತನಾಗುವವರೆಗೂ ನಾನು ಯಂತ್ರದ ವಿವರಣೆಗೆ ಮೊದಲು ಆ ಪ್ರಶ್ನೆಯನ್ನೇ ಕೇಳುತ್ತಿದ್ದೆ.