ಯಾರ ಮನಿಯವ್ರು?

ನಾನು ಏನು ಕೆಲಸ ಮಾಡುತ್ತೇನೆಂದು ನನ್ನ ಮನೆಯಲ್ಲೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗ್ರಂಥಾಲಯದಲ್ಲಿದ್ದಾಳೆ ಎಂಬುದು ಗೊತ್ತು. "ಇಡೀ ದಿನ ಕುಂತು ಪುಸ್ತಕ ಓದೂದು, ಛಲೋ ನೌಕರಿ" ಎಂದು ನನ್ನ ಗಂಡ ಬಂದ ನೆಂಟರ ಮುಂದೆಲ್ಲ ಹೇಳಿ ನನ್ನ ಪಿತ್ತ ನೆತ್ತಿಗೇರಿಸುತ್ತಾರೆ. ಕುಳಿತು ಪುಸ್ತಕ ಓದುವಷ್ಟು ಪುರುಸೊತ್ತು ಸಿಕ್ಕಿದ್ದರೆ ನಾನು ಇಷ್ಟು ಸಿಡುಕಿ ಆಗುತ್ತಲೇ ಇರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಗದಗ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಬೆಟಗೇರಿಯ ಮಗ್ಗಗಳ ಸದ್ದು ಕೇಳುತ್ತ ಕಾಲೇಜಿಗೆ ನಡೆದು ಹೋಗಿ, ಉದ್ದನೆಯ ಮರದ ಡ್ರಾಯರುಗಳ ಮುಂದೆ ಕುಳಿತು, ಒಂದೊಂದು ಪುಸ್ತಕಕ್ಕೆ ಒಂದೊಂದು ಕಾರ್ಡು ಬರೆಯುತ್ತಿದ್ದೆ. ಅಕ್ಷರ ಮುದ್ದಾಗಿದ್ದರೆ ಸಾಕಿತ್ತು, ಯಾರೊಡನೆಯೂ ಮಾತನಾಡಬೇಕಿರಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಕಾರ್ಡುಗಳು ಗುಜರಿಗೆ ಹೋದವು. ಜಿಲ್ಲೆಗೆ ವಿಶ್ವವಿದ್ಯಾಲಯವೂ ಬಂತು, ನಾನು ಅಲ್ಲಿಗೆ ಹೋದೆ. ಅಲ್ಲಿ ಸಂಶೋಧಕರು ಪುಸ್ತಕ ಕೇಳುವುದಕ್ಕಿಂತ ಹೆಚ್ಚಾಗಿ ತಮ್ಮ ಹಾರ್ಡ್ ಡಿಸ್ಕ್ ತಂದು ನನ್ನ ಮೇಜಿನ ಮೇಲಿಡತೊಡಗಿದರು. ಅದರೊಳಗೆ ಮಣ್ಣಿನ ಪರೀಕ್ಷೆ, ಬಾವಿ ನೀರಿನ ಲೆಕ್ಕ, ಫೋಟೋ, ಜನರ ಮಾತು. ಯಾವುದು ಯಾವಾಗಿನದು, ಯಾರದು, ಎಲ್ಲಿಯದು ಎಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಆ ಯಾವುದು, ಯಾರದು, ಎಲ್ಲಿಯದು ಎಂಬುದಕ್ಕೇ ಮೆಟಾಡೇಟಾ ಎಂದು ಹೆಸರು. ಅದನ್ನು ಜೋಡಿಸುವವಳು ನಾನು.

ಇದನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವರು ಲಕ್ಷ್ಮೇಶ್ವರದ ಒಬ್ಬ ಕಾಳಿನ ವ್ಯಾಪಾರಿ. "ಅಂದ್ರ ಚೀಲದ ಮ್ಯಾಲ ಗುರ್ತ ಹಾಕೂ ಕೆಲಸ. ಗುರ್ತ ಇಲ್ಲದ ಚೀಲ ನಮ್ಮ ಅಂಗಡ್ಯಾಗೂ ಯಾರೂ ಮುಟ್ಟಂಗಿಲ್ರಿ" ಎಂದರು. ಅವರ ಮಗಳು ನಮ್ಮಲ್ಲಿ ಸಂಶೋಧನೆ ಮಾಡುತ್ತಿದ್ದಳು. ಈ ಕಥೆ ಆ ಹುಡುಗಿಯದೇ.

ಕಾಳಿನ ನಡುವೆ ಬೆಳೆದವಳು, ವಿಷಯವೂ ಕಾಳಿನದನ್ನೇ ಹಿಡಿದಿದ್ದಳು. ಹಳ್ಳಿಯ ಹೆಂಗಸರು ಬಿತ್ತನೆಯ ಬೀಜವನ್ನು ಹುಳ ಹಿಡಿಯದಂತೆ ಮುಂದಿನ ಹಂಗಾಮಿನ ತನಕ ಹೇಗೆ ಕಾಯುತ್ತಾರೆ ಎಂಬುದು. ಕುರ್ತಕೋಟಿ, ಹರ್ತಿ, ಶಿರಹಟ್ಟಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಹೆಂಗಸರ ಮಾತನ್ನು ರೆಕಾರ್ಡ್ ಮಾಡಿದ್ದಳು. ಬೂದಿ ಎಷ್ಟು, ಬೇವಿನ ಎಲೆ ಯಾವಾಗ, ಗಡಿಗೆಯ ಬಾಯಿಗೆ ಸಗಣಿ ಮೆತ್ತುವುದು ಹೇಗೆ, ಎಲ್ಲ ಅದರಲ್ಲಿತ್ತು. ಕೇಳುತ್ತ ಕೂತರೆ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ.

ಇಲ್ಲದ್ದು ಒಂದೇ, ಮಾತನಾಡಿದವರ ಹೆಸರು.

ನಮ್ಮ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಒಂದು ನಿಯಮವಿದೆ. ಮಾತು ಯಾರದೋ ಅವರ ಹೆಸರಿರಬೇಕು, ಇಲ್ಲವೇ ನನ್ನ ಹೆಸರು ಬೇಡ ಎಂದು ಅವರೇ ಹೇಳಿರಬೇಕು. ಖಾಲಿ ಬಿಡುವಂತಿಲ್ಲ. ಸಂಗ್ರಹಕ್ಕೆ ಸೇರದೆ ಪ್ರಬಂಧ ಮೌಖಿಕ ಪರೀಕ್ಷೆಗೆ ಹೋಗುವುದಿಲ್ಲ. ಈ ನಿಯಮವನ್ನು ಹಟ ಹಿಡಿದು ಮಾಡಿಸಿದವಳು ಬೇರೆ ಯಾರೂ ಅಲ್ಲ, ನಾನೇ. ಹುಡುಗಿಯ ರೆಕಾರ್ಡಿಂಗುಗಳನ್ನು ಸಂಗ್ರಹದ ಸಮಿತಿ ಆಗಲೇ ಎರಡು ಸಲ ಹಿಂದಕ್ಕೆ ಕಳಿಸಿತ್ತು. ಅವಳ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಮ್ಮೆ ಹಿಂದೆ ಬಂದರೆ ಅವಳ ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ.

"ಹೆಸರ ಕೇಳಲೇ ಇಲ್ಲೇನ ನೀನು?" ಎಂದೆ, ಸ್ವಲ್ಪ ಜೋರಾಗಿಯೇ.

"ಕೇಳೇನ್ರಿ ಅಕ್ಕಾರ. ಆದ್ರ ವಯಸ್ಸಾದವ್ರ ಮುಂದ ನಿಂತು 'ನಿಮ್ಮ ಹೆಸರೇನು' ಅಂತ ಹೆಂಗ ಕೇಳಾಕ ಬರ್ತೈತ್ರಿ? 'ಯಾರ ಮನಿಯವ್ರು' ಅಂತ ಕೇಳೇನಿ."

ನಾನು ತಲೆಯ ಮೇಲೆ ಕೈ ಹೊತ್ತು ನಗತೊಡಗಿದೆ. ಹೊರಗಿನಿಂದ ಬಂದ ಸಂಶೋಧಕನಾಗಿದ್ದರೆ ಧಡ್ಡನೆ ಹೆಸರು ಕೇಳಿ ಬರೆದುಕೊಂಡು ಹೋಗಿರುತ್ತಿದ್ದ. ನಮ್ಮ ಹುಡುಗಿ, ಮರ್ಯಾದೆ ಬಿಡಲಿಲ್ಲ. ಆದರೆ ನಮ್ಮ ಕಡೆ 'ಯಾರ ಮನಿಯವ್ರು' ಎಂದು ಹೆಂಗಸರನ್ನು ಕೇಳಿದರೆ ಏನಾಗುತ್ತದೆ? ಗಂಡನ ಹೆಸರು ಹೇಳಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆಗ ಒಡಪು ಹಾಕುತ್ತಾರೆ, ಅಂದರೆ ಎರಡು ಸಾಲು ಪದ ಕಟ್ಟಿ ಅದರ ಕೊನೆಗೆ ಗಂಡನ ಹೆಸರನ್ನು ಸೇರಿಸಿ ಹೇಳುತ್ತಾರೆ. ಹುಡುಗಿ ರೆಕಾರ್ಡಿಂಗ್ ಹಾಕಿದಳು. "ಗಡಿಗ್ಯಾಗಿನ ಜ್ವಾಳಕ್ಕ ಬೂದಿ ಕಾವಲು, ನನ್ನ ಕಾವಲಿಗೆ ಕುಂತವ್ರು..." ಎಂದು ಒಂದು ದನಿ ರಾಗವಾಗಿ ಎಳೆಯಿತು. ಸರಿಯಾಗಿ ಹೆಸರು ಬರುವ ಹೊತ್ತಿಗೆ ಸುತ್ತ ಕೂತ ಹೆಂಗಸರೆಲ್ಲ ಹೋ ಎಂದು ನಕ್ಕರು, ಹೆಸರು ಆ ನಗುವಿನಲ್ಲಿ ಮುಚ್ಚಿಹೋಯಿತು. ಮುಂದಿನದನ್ನು ಹಾಕಿದಳು. ಅಲ್ಲಿಯೂ ಅದೇ ಕಥೆ. ಅಷ್ಟೂ ರೆಕಾರ್ಡಿಂಗುಗಳಲ್ಲಿ ಹೆಂಗಸಿನ ಹೆಸರಂತೂ ಇಲ್ಲ, ಗಂಡಂದಿರೂ ಸಿಗಲಿಲ್ಲ.

ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯ. ಹುಡುಗಿಯ ಮೇಲಿನ ಕನಿಕರದಿಂದಲೇ ದಾರಿ ತೋರಿಸಿದರು. "ಹಳ್ಳಿ ಮಹಿಳೆ ಒಂದು, ಹಳ್ಳಿ ಮಹಿಳೆ ಎರಡು ಅಂತ ನಂಬರ್ ಹಾಕಿ ಮುಗಸ್ರಿ" ಎಂದರು. ನನಗೆ ಅಂಗಾಲಿನಿಂದ ಸಿಟ್ಟು ಏರಿತು. "ನಿಮ್ಮ ಲೇಖನದ ಮ್ಯಾಲ 'ಪ್ರಾಧ್ಯಾಪಕ ಎರಡು' ಅಂತ ಹಾಕ್ಲೇನ್ರಿ ಸರ್?" ಎಂದುಬಿಟ್ಟೆ. ಅವರು ಪಾಪ, ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದ ಮೇಲೆ ಹುಡುಗಿ ನನ್ನ ಮೇಲೇ ತಿರುಗಿದಳು. "ಅವ್ರು ಹೂಂ ಅಂದಿದ್ರು. ಇದು ನನ್ನ ಪಿಎಚ್‌ಡಿ ಐತ್ರಿ ಅಕ್ಕಾರ, ನಿಮ್ಮ ಹಟ ಅಲ್ಲ." ಅವಳ ಕಣ್ಣು ತುಂಬಿತ್ತು. ಅವಳು ಹೇಳಿದ್ದು ಖರೆ ಇತ್ತು, ಅದಕ್ಕೇ ನನಗೆ ಇನ್ನಷ್ಟು ಚುಚ್ಚಿತು. "ಆತು, ಹಂಗಾರ ನನ್ನ ಹಟಕ್ಕ ನಾನೂ ಬರ್ತೇನಿ. ನಾಳೆ ಮುಂಜಾನಿ ಬಸ್ಸಿಗೆ ತಯಾರಾಗು" ಎಂದೆ. ಗ್ರಂಥಾಲಯದಿಂದ ರಜೆ ಹಾಕದೆ, 'ಕೆಲಸದ ಮೇಲೆ' ಎಂದು ಬರೆದು ನಾನು ಹೊರಗೆ ಹೋಗಿದ್ದು ಅದೇ ಮೊದಲು.

ಕುರ್ತಕೋಟಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಮೊಬೈಲಿಗೆ ಸಣ್ಣ ಸ್ಪೀಕರ್ ಹಚ್ಚಿ ರೆಕಾರ್ಡಿಂಗ್ ಹಾಕಿದೆವು. ಮೊದಲ ಮಾತಿಗೇ ಒಬ್ಬಾಕೆ ಕೂಗಿದಳು, "ಏ, ಇದು ನಮ್ಮ ನೆಗೆಣ್ಣಿ ದನಿ! ಹಲ್ಲ ಬಿದ್ದಾವು ನೋಡ್ರಿ, ಗಾಳಿ ಹೊಂಟೈತಿ!" ನೆಗೆಣ್ಣಿ, ಅಂದರೆ ಆಕೆಯ ಓರಗಿತ್ತಿ, ಒಳಗಿನಿಂದಲೇ ಬೈದಳು. ಒಂದು ಕ್ಷಣದಲ್ಲಿ ಕಟ್ಟೆ ತುಂಬಿತು. ತಮ್ಮ ದನಿ ಕೇಳಿ ಬಾಯಿಗೆ ಸೆರಗು ಹಿಡಿದವರು ಕೆಲವರು, ಇನ್ನೊಮ್ಮೆ ಹಾಕು ಎಂದವರು ಹಲವರು. ಹೆಸರು ಹಾಕಬೇಕೋ ಬೇಡವೋ ಎಂದು ನಾನು ಒಬ್ಬೊಬ್ಬರನ್ನೂ ಕೇಳಿದೆ, ಹಾಕಿದರೆ ಅದನ್ನು ಎಲ್ಲರೂ ನೋಡುತ್ತಾರೆ ಎಂದೂ ಹೇಳಿದೆ. "ನೋಡಲಿ ಬಿಡ್ರಿ, ಕದ್ದು ಹೇಳೇವೇನು?" ಎಂದರು. ಒಬ್ಬಾಕೆ ಮಾತ್ರ, "ಮಾತು ಇಟ್ಕೋರಿ, ಹೆಸರು ಬ್ಯಾಡ" ಎಂದಳು. ಹಾಗೆಯೇ ಬರೆದುಕೊಂಡೆವು. ಚಹಾ, ಚುರುಮುರಿ, ಮೆಣಸಿನಕಾಯಿ ಭಜಿ ಬಂದವು. ಇಷ್ಟು ವರ್ಷ ಕುರ್ಚಿಯಲ್ಲಿ ಕುಳಿತು ಮಾಡಿದ ಯಾವ ಕೆಲಸದಲ್ಲೂ ನಾನು ಅಷ್ಟು ನಕ್ಕಿರಲಿಲ್ಲ.

ತೊಡಕಾದದ್ದು ಹರ್ತಿಯಲ್ಲಿ. ಅಲ್ಲಿನ ಒಬ್ಬ ಮುದುಕಿಯ ಮಾತಿನ ಮೇಲೆಯೇ ಹುಡುಗಿಯ ಪ್ರಬಂಧದ ಒಂದು ಇಡೀ ಅಧ್ಯಾಯ ನಿಂತಿತ್ತು. ದನಿ ಯಾರದೆಂದು ಓಣಿಗೆಲ್ಲ ಗೊತ್ತು. ಹೆಸರೇನೆಂದರೆ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಆಕೆ ಆಯಿ, ಅಂದರೆ ಅಜ್ಜಿ. ಆಕೆಯ ಸೊಸೆಯೂ, "ಆಯಿಗೆ ಎಂಥಾ ಹೆಸರ್ರಿ?" ಎಂದಳು. ಕೊನೆಗೆ ಆಯಿಯನ್ನೇ ಕೇಳಿದೆವು.

"ಯಾವುದು ಬೇಕವ್ವಾ? ಇಲ್ಲಿ ಇಟ್ಟಿದ್ದೋ, ತವರಿಂದೋ?"

ಮದುವೆಯಾದಾಗ ಅತ್ತೆಮನೆಯವರು ಹೊಸ ಹೆಸರಿಡುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದ್ದ ಪದ್ಧತಿ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಆ ಹೊಸ ಹೆಸರು. ತವರಿನದು ಬೇರೆ. ತವರು ಮುಂಡರಗಿ ಕಡೆಯ ಹಳ್ಳಿ. ಆ ಹೆಸರು ಹಿಡಿದು ಕರೆಯುವ ಕೊನೆಯ ಅಣ್ಣನೂ ತೀರಿ ಬಹಳ ದಿನವಾಗಿತ್ತು.

"ನಿಮಗ ಯಾವುದು ಬೇಕೋ ಅದು" ಎಂದೆ.

"ಬೀಜ ಕಾಯೂದು ನನಗ ನಮ್ಮವ್ವ ಕಲಿಸ್ಯಾಳ. ಮದಿವಿ ಆಗಿ ಬರೂ ಮುಂದ ಬೀಜಾನೂ ಉಡ್ಯಾಗ ಕಟ್ಟಿ ಕಳಿಸಿದ್ಲು. ಈ ಮಾತಿಗೆ ತವರಿನ ಹೆಸರ ಇರ್ಲಿ. ಆದ್ರ ಇಲ್ಲಿಯವ್ರಿಗೆ ಬ್ಯಾಸರ ಆಕೈತಿ. ಎರಡೂ ಹಾಕಾಕ ಬರಂಗಿಲ್ಲೇನು?"

ನಾನು ಎದ್ದು ಆಕೆಯನ್ನು ತಬ್ಬಿಕೊಂಡೆ. ಒಬ್ಬರಿಗೆ ಎಷ್ಟು ಹೆಸರಿದ್ದರೂ ಎಲ್ಲವನ್ನೂ ಒಂದೇ ಕಡೆ ಕೂಡಿಸಿ, ಯಾವುದನ್ನು ಹಿಡಿದು ಬಂದರೂ ಆಕೆಯೇ ಸಿಗುವಂತೆ ಮಾಡುವುದು ನನ್ನ ವೃತ್ತಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ. "ಎರಡೇನು, ಹತ್ತು ಇದ್ರೂ ಹಾಕ್ತೇನ್ರಿ ಆಯಿ" ಎಂದೆ. ಪಕ್ಕದಲ್ಲಿ ಹುಡುಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವುತ್ತಿದ್ದಳು. ಅವಳು ಹರ್ತಿಯದು ಎಂದು ಬರೆದಿದ್ದ ವಿದ್ಯೆ ಮುಂಡರಗಿ ಕಡೆಯಿಂದ ಒಬ್ಬ ಮದುವಣಗಿತ್ತಿಯ ಉಡಿಯಲ್ಲಿ ಬಂದಿತ್ತು. ಬಸ್ಸಿನಲ್ಲಿ ಹಿಂದೆ ಬರುವಾಗ, "ಅಕ್ಕಾರ, ಉಳಿದವ್ರ ತವರು ಯಾವ ಊರು ಅಂತ ಒಬ್ಬೊಬ್ಬರನೂ ಕೇಳಬೇಕ್ರಿ" ಎಂದಳು. ಕೇಳಿದೆವು. ಬೀಜಗಳು ಹೆಣ್ಣುಮಕ್ಕಳ ಹಿಂದೆಯೇ ಊರಿಂದೂರಿಗೆ ಹೋಗಿದ್ದವು. ಪ್ರಬಂಧಕ್ಕೆ ಹೊಸ ಅಧ್ಯಾಯವೊಂದು ಸೇರಿತು. ಸಮಿತಿ ರೆಕಾರ್ಡಿಂಗುಗಳನ್ನು ಒಪ್ಪಿಕೊಂಡಿತು. ಅಧ್ಯಕ್ಷರು ನನ್ನನ್ನು ಕಂಡಾಗ, "ಬರ್ರಿ, ಪ್ರಾಧ್ಯಾಪಕ ಎರಡು ಮಾತಾಡಾಕತ್ತೇನಿ" ಎಂದು ನಕ್ಕರು. ನನಗೂ ನಗು ಬಂತು.

ಮೌಖಿಕ ಪರೀಕ್ಷೆಯ ದಿನ ಹುಡುಗಿಯ ಅಪ್ಪ ಗಾಡಿ ಮಾಡಿ ಹೆಂಗಸರನ್ನೆಲ್ಲ ಕರೆತಂದರು. ಅವರೆಲ್ಲ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತರು. ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು ಕಟ್ಟುನಿಟ್ಟಿನವರು. ಒಂದಾದ ಮೇಲೊಂದು ಪ್ರಶ್ನೆ ಹಾಕಿದರು. ಹುಡುಗಿ ಒಂದೊಂದಕ್ಕೂ ಉತ್ತರಿಸುತ್ತಿದ್ದಳು. ಕೊನೆಗೆ ಅವರು, "ಬೀಜ ತವರಿನಿಂದ ಬಂತು ಎಂದು ಒಂದಿಡೀ ಅಧ್ಯಾಯ ಬರೆದಿದ್ದೀರಿ. ಯಾರ ಮಾತಿನ ಆಧಾರದ ಮೇಲೆ? ತೋರಿಸಿ" ಎಂದರು.

ಹುಡುಗಿ ಸಂಗ್ರಹದಲ್ಲಿ ಮುಂಡರಗಿ ಕಡೆಯ ಆ ಹಳ್ಳಿಯ ಹೆಸರು ಹಾಕಿ ಹುಡುಕಿದಳು. ಪರದೆಯ ಮೇಲೆ ಆಯಿಗೆ ತವರಿನಲ್ಲಿ ಇಟ್ಟಿದ್ದ ಹೆಸರು ಬಂತು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಅದನ್ನು ಗಟ್ಟಿಯಾಗಿ ಓದಿದರು.

"ಓ!" ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಆಯಿ ಆಗಲೇ ಎದ್ದು ನಿಂತು, ಸೆರಗು ಸರಿಮಾಡಿಕೊಳ್ಳುತ್ತ, ಕರೆದವರು ಯಾರೆಂದು ಸುತ್ತ ನೋಡುತ್ತಿದ್ದಳು.