ಮುಹೂರ್ತದ ದರ

ಸಂಭಾಜಿನಗರದ ಹೊರಗಿರುವ ಅರಳೆಯಿಂದ ಬೀಜ ಬಿಡಿಸುವ ನಮ್ಮ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಹಂಗಾಮು ಶುರುವಾಗುವುದು ಮುಹೂರ್ತದ ಖರೀದಿಯಿಂದ. ಮೊದಲು ಬಂದ ಗಾಡಿಯ ರೈತನಿಗೆ ಕುಂಕುಮವಿಟ್ಟು, ತೆಂಗಿನಕಾಯಿ ಕೊಟ್ಟು, ಅಪ್ಪ ಎಲ್ಲರೆದುರು ಗಟ್ಟಿಯಾಗಿ ದರ ಹೇಳುತ್ತಾರೆ. ಒಮ್ಮೆ ಹೇಳಿದ ದರ ಆ ದಿನವಿಡೀ ಕದಲುವುದಿಲ್ಲ, ಎಷ್ಟು ಗಾಡಿ ಬಂದರೂ ಅದೇ. ಬೀದರಿನಿಂದ ಬಂದ ಅಜ್ಜ ಹಾಕಿಕೊಟ್ಟ ಪದ್ಧತಿ ಇದು.

ಈ ಸಲ ಹಂಗಾಮಿಗೆ ಮುಂಚೆಯೇ ದಿಲ್ಲಿ ಹೊರದೇಶದ ಹತ್ತಿಯ ಮೇಲಿನ ಸುಂಕ ತೆಗೆದುಹಾಕಿತು. ಬಟ್ಟೆ ರಫ್ತು ಮಾಡುವವರಿಗೆ ಅಗ್ಗದ ನೂಲು ಬೇಕಂತೆ. ನಾನು ನಮ್ಮ ಹತ್ತಿಯ ಮಾದರಿ ಹಿಡಿದುಕೊಂಡು ನಾಶಿಕ್‌ನ ನೂಲಿನ ಗಿರಣಿಗೆ ಹೋದೆ. ವರ್ಷಗಟ್ಟಲೆ ನಮ್ಮಲ್ಲೇ ಕೊಂಡ ಮ್ಯಾನೇಜರು ಚಹಾ ತರಿಸಿದರು, ಪೊಟ್ಟಣ ಮಾತ್ರ ಬಿಚ್ಚಲಿಲ್ಲ. ಅವರ ಮೇಜಿನ ಮೇಲೆ ಬ್ರೆಜಿಲ್ ಹತ್ತಿ ಇತ್ತು. ಎಳೆ ಬಿಡಿಸಿ ಎಳೆದು ನೋಡಿದೆ. ಕುಂದು ಹೇಳುವಂತಿರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು.

"ಅಪ್ಪಾ, ಈ ವರ್ಷ ದರ ಹೇಳಬ್ಯಾಡ್ರಿ," ಎಂದೆ ಮನೆಗೆ ಬಂದು. "ಹೇಳಿ ಸಿಕ್ಕೊಂಡ್ರ ಕಾರ್ಖಾನೀನೇ ಉಳ್ಯಂಗಿಲ್ಲ."

"ಮುಹೂರ್ತ ಬಿಡಾಕ ಬರಂಗಿಲ್ಲವ್ವಾ," ಎಂದರು.

ಬೇರೆ ಕಾರ್ಖಾನೆಗಳು ಬಾಗಿಲು ತೆರೆದಿರಲಿಲ್ಲ, ಸರ್ಕಾರದ ಖರೀದಿ ಕೇಂದ್ರವೂ ಶುರುವಾಗಿರಲಿಲ್ಲ. ಹೀಗಾಗಿ ಮುಹೂರ್ತದ ದಿನ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ಹೋಗಿತ್ತು. ಎಲ್ಲಕ್ಕೂ ಮುಂದೆ ಇದ್ದವರು ಪೈಠಣ ಕಡೆಯ ಒಬ್ಬ ಮುದುಕರು. ಮೊದಲ ಮಾನ ತಮ್ಮದೆಂದು ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ಅಪ್ಪ ಕುಂಕುಮವಿಟ್ಟರು, ಕಾಯಿ ಕೊಟ್ಟರು. ತೂಕದ ಕಾಟಾಕ್ಕೆ ಆರತಿಯಾಯಿತು. ಎಲ್ಲರೂ ಅಪ್ಪನ ಬಾಯಿಯನ್ನೇ ನೋಡುತ್ತ ನಿಂತರು.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹಾಕಿಕೊಂಡರು. ಆ ಕೈಯನ್ನು ಮುದುಕರತ್ತ ಚಾಚಿದರು. ದನದ ಸಂತೆಯಲ್ಲಿ ದಲ್ಲಾಳಿಗಳು ಹಾಗೆ ಮಾಡುತ್ತಾರೆ: ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ತಿಳಿಸುತ್ತಾರೆ, ಮೂರನೆಯವರಿಗೆ ಗೊತ್ತಾಗುವುದಿಲ್ಲ. ಉಳಿದವರಿಗೆ ಕಟ್ಟುಬೀಳದೆ ಆ ಒಬ್ಬರಿಗಾದರೂ ಮಾನದ ದರ ಕೊಡಬೇಕೆಂಬುದು ಅಪ್ಪನ ಲೆಕ್ಕಾಚಾರ.

ಮುದುಕರು ಟವೆಲ್ ನೋಡಿದರು, ಹಿಂದಿನ ಸಾಲು ನೋಡಿದರು. ಮರಾಠಿಯಲ್ಲಿ ಮೆಲ್ಲಗೆ, "ಶೇಠ್, ನಾನು ಎತ್ತು ಮಾರೋಕೆ ಬಂದಿಲ್ಲ," ಎಂದರು. ಕಾಯಿಯನ್ನು ಕಾಟಾದ ಮೇಲಿಟ್ಟು ಟ್ರ್ಯಾಕ್ಟರ್ ತಿರುಗಿಸಿಕೊಂಡರು. ಅವರ ಹಿಂದೆ ಉಳಿದವರೂ ಹೊರಟರು.

ನಾನು ಹೇಳಿದ ಹಾಗೆ ಕಾರ್ಖಾನೆ ಉಳಿಯಿತು. ಅಂಗಳ ಖಾಲಿಯಾದ ಮೇಲೂ ಅಪ್ಪ ಟವೆಲ್ಲಿನ ಕೆಳಗಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನಾನೇ ಹೋಗಿ ಹಿಡಿದುಕೊಂಡೆ. ತಣ್ಣಗಿತ್ತು.